ಉಪಕರಣಪರೀಕ್ಷೆ: ಭದ್ರಾವತಿಯ ಯಂತ್ರಶಾಲೆಗಳೂ ನಮ್ಮ ಪ್ರಾಚೀನ ಪರಿಭಾಷೆಯೂ

ಯಂತ್ರಶಾಲೆಗಳಲ್ಲಿ ಬಳಕೆಯಾಗುವ ಉಪಕರಣಗಳನ್ನು ನಿಯತಕಾಲದಲ್ಲಿ ಪರೀಕ್ಷಿಸಿ, ಅವು ಕೆಲಸಗಾರರ ಪ್ರಾಣಕ್ಕೆ ಅಪಾಯಕರವಾಗದಂತೆ ನೋಡಿಕೊಳ್ಳುವ ಪದ್ಧತಿಯು ಕೇವಲ ಶಿಲ್ಪಿಗಳ ಮತ್ತು ಶಾಸನಾಧಿಕಾರಿಗಳ ವಿಷಯವೆಂದು ಸಾಮಾನ್ಯವಾಗಿ ಭಾವಿಸಲ್ಪಟ್ಟಿದೆ. ಸಾಹಿತ್ಯವನ್ನೂ ಶಾಸ್ತ್ರಗಳನ್ನೂ ವ್ಯಾಸಂಗಮಾಡುವವರಿಗೆ ಇದರಲ್ಲಿ ಏನು ಪ್ರಸಕ್ತಿ ಎಂಬ ಶಂಕೆಯು ವಾಚಕರಲ್ಲಿ ಉಂಟಾಗುವುದು ಸಹಜವೇ. ಆದರೆ ಈ ಪದ್ಧತಿಯ ಬೀಜವು ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲದೆ, ಯಾವ ಪರೀಕ್ಷೆಯಾದರೂ ಕಡೆಗೆ ಒಂದು ಬರವಣಿಗೆಯಾಗಿ ಪರಿಣಮಿಸುತ್ತದೆ. ಆ ಬರವಣಿಗೆಯು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೋ ಬೇಡವೋ ಎಂಬುದು ಭಾಷಾಭ್ಯಾಸಿಗಳು ಆಲೋಚಿಸಬೇಕಾದ ಪ್ರಶ್ನೆ. ಈ ಎರಡು ಕಾರಣಗಳಿಂದ, ಶಿವಮೊಗ್ಗ ಮತ್ತು ಭದ್ರಾವತಿಗಳ ಯಂತ್ರಶಾಲೆಗಳನ್ನು ನಿದರ್ಶನವಾಗಿಟ್ಟುಕೊಂಡು, ವಿಷಯವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

೧. ಶಬ್ದವಿಚಾರ

ಮೊದಲು ‘ಯಂತ್ರ’ ಶಬ್ದವನ್ನು ನೋಡೋಣ. ಇದು ನಿಗ್ರಹಿಸು, ಹಿಡಿದು ನಿಲ್ಲಿಸು ಎಂಬರ್ಥದ ‘ಯಮ್’ ಧಾತುವಿನಿಂದ ಹುಟ್ಟಿದುದು. ಆದುದರಿಂದ ಯಂತ್ರವೆಂದರೆ ಮೂಲತಃ ಚಲಿಸುವ ವಸ್ತುವಲ್ಲ, ಚಲನೆಯನ್ನು ಹಿಡಿದಿಡುವ ವಸ್ತು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ರಥದ ಪ್ರಸಂಗದಲ್ಲಿ ಬರುವ ಇದೇ ಶಬ್ದಕ್ಕೆ ಬಿಗಿಯುವ ತೊಗಲಿನ ಪಟ್ಟಿಗಳೆಂದೇ ಅರ್ಥ. ಈಗ ನಾವು ಯಂತ್ರವೆಂದು ಕರೆಯುವುದರಲ್ಲಿಯೂ ಈ ಮೂಲಾರ್ಥವು ಅಡಗಿದೆ. ಬಾಯ್ಲರು ಉಗಿಯನ್ನು ಹಿಡಿದಿಟ್ಟುಕೊಂಡಿರುವವರೆಗೆ ಯಂತ್ರ. ಹಿಡಿತ ತಪ್ಪಿದೊಡನೆ ಅದು ಸಿಡಿಮದ್ದಿಗೆ ಸಮಾನ. ಎತ್ತುವ ಸರಪಣಿಯು ಭಾರವನ್ನು ತಡೆದು ನಿಲ್ಲಿಸುವವರೆಗೆ ಯಂತ್ರ. ಕೊಂಡಿ ಬಿಟ್ಟೊಡನೆ ಕೆಳಗಿರುವವನಿಗೆ ಮೃತ್ಯು.

‘ಪರೀಕ್ಷೆ’ ಎಂಬುದು ‘ಪರಿ’ ಎಂಬ ಉಪಸರ್ಗಪೂರ್ವಕವಾದ ‘ಈಕ್ಷ್’ ಧಾತುವಿನಿಂದಾದುದು. ಸುತ್ತಲೂ ನೋಡುವುದು ಎಂದು ಅದರ ಅರ್ಥ. ಮುಂಭಾಗವನ್ನು ಮಾತ್ರ ನೋಡಿದರೆ ಅದು ಈಕ್ಷಣೆಯಾದೀತೇ ಹೊರತು ಪರೀಕ್ಷೆಯಾಗಲಾರದು. ಈ ಭೇದವು ಪ್ರಕೃತ ವಿಷಯದಲ್ಲಿ ಬಹಳ ಮುಖ್ಯವಾದುದು. ಬಾಯ್ಲರಿನ ಹೊರಮೈ ಬಣ್ಣದಿಂದ ಹೊಳೆಯುತ್ತಿದ್ದರೂ ಒಳಗೆ ನೀರಿನ ಸುಣ್ಣವು ಹೆಪ್ಪುಗಟ್ಟಿರಬಹುದು. ಉಕ್ಕಿನ ಹಗ್ಗದ ಹೊರಮುಖದಲ್ಲಿ ಎಣ್ಣೆ ಮಿನುಗುತ್ತಿದ್ದರೂ ಒಳಎಳೆಗಳು ಕಡಿದಿರಬಹುದು. ಕಾರ್ಖಾನೆಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವ ‘ತಪಾಸಣೆ’ ಎಂಬ ಮಾತು ಅರಬ್ಬಿಯಲ್ಲಿ ಹುಟ್ಟಿ ಮರಾಠಿಯ ಮೂಲಕ ನಮ್ಮಲ್ಲಿಗೆ ಬಂದುದೆನ್ನುತ್ತಾರೆ. ಅದು ಶೋಧನೆಯನ್ನು, ಎಂದರೆ ಹುಡುಕುವುದನ್ನು, ಸೂಚಿಸುತ್ತದೆ. ಸುತ್ತಲೂ ನೋಡುವುದು, ದೋಷವನ್ನು ಹುಡುಕುವುದು ಎಂಬ ಎರಡೂ ಅಭಿಪ್ರಾಯಗಳು ಇಲ್ಲಿ ಬೇಕಾಗಿರುವುದರಿಂದ ಎರಡು ಶಬ್ದಗಳೂ ಉಳಿಯುವುದು ಯುಕ್ತ.

೨. ಕೌಟಿಲ್ಯನ ಮೂರು ವಿಧಿಗಳು

ಅರ್ಥಶಾಸ್ತ್ರವನ್ನು ಲೋಕಕ್ಕೆ ಮತ್ತೆ ದೊರಕಿಸಿಕೊಟ್ಟವರು ಮೈಸೂರಿನ ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳು. ಗ್ರಂಥವು ೧೯೦೯ರಲ್ಲಿ ಮೈಸೂರಿನಲ್ಲಿ ಮುದ್ರಿತವಾಯಿತು. ಅದರ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದಲ್ಲಿ ಉಪಕರಣಪರೀಕ್ಷೆಗೆ ಸಂಬಂಧಿಸಿದ ಮೂರು ವಿಧಿಗಳು ಬೇರೆ ಬೇರೆ ಸ್ಥಳಗಳಲ್ಲಿ ಬಂದಿವೆ. ಅವುಗಳನ್ನು ಒಟ್ಟುಗೂಡಿಸಿ ನೋಡಿದರೆ ಒಂದು ಪೂರ್ಣವಾದ ವ್ಯವಸ್ಥೆಯು ಗೋಚರಿಸುತ್ತದೆ.

ಮೊದಲನೆಯದು ಆಯುಧಾಗಾರಾಧ್ಯಕ್ಷನಿಗೆ ವಿಧಿಸಿರುವುದು. ಅವನು ಆಯುಧಗಳ ಸ್ಥಾನವನ್ನು ಆಗಾಗ್ಗೆ ಬದಲಾಯಿಸುತ್ತ, ಬಿಸಿಲಿಗೆ ಒಡ್ಡುತ್ತಿರಬೇಕು. ಶಾಖದಿಂದಲೋ ತೇವದಿಂದಲೋ ಕ್ರಿಮಿಗಳಿಂದಲೋ ಕೆಡುತ್ತಿರುವುದನ್ನು ಬೇರೆ ರೀತಿಯಲ್ಲಿ ಇರಿಸಬೇಕು. ಪ್ರತಿಯೊಂದನ್ನೂ ಅದರ ಜಾತಿ, ರೂಪ, ಲಕ್ಷಣ, ಪ್ರಮಾಣ, ಬಂದ ಮೂಲ, ಬೆಲೆ ಮುಂತಾದುವುಗಳಿಂದ ಗುರುತಿಸಿರಬೇಕು. ಇಲ್ಲಿ ‘ಕೆಟ್ಟಿರುವುದನ್ನು’ ಎನ್ನದೆ ‘ಕೆಡುತ್ತಿರುವುದನ್ನು’ ಎಂಬ ಅರ್ಥ ಬರುವಂತೆ ವರ್ತಮಾನಕಾಲದ ಕೃದಂತವನ್ನು ಪ್ರಯೋಗಿಸಿರುವುದನ್ನು ವಿದ್ವಾಂಸರು ಗಮನಿಸಬೇಕು. ದೋಷವು ಪೂರ್ಣವಾಗುವ ಮುನ್ನವೇ ಹಿಡಿಯಬೇಕೆಂಬುದು ಆಚಾರ್ಯನ ಆಶಯ.

ಎರಡನೆಯದು ಪೌತವಾಧ್ಯಕ್ಷನಿಗೆ, ಎಂದರೆ ತೂಕ ಅಳತೆಗಳ ಅಧಿಕಾರಿಗೆ, ಸಂಬಂಧಿಸಿದುದು. ತೂಕದ ಕಲ್ಲುಗಳಿಗೂ ಅಳತೆಯ ಪಾತ್ರೆಗಳಿಗೂ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದುದಕ್ಕೆ ೨೭¼ ಪಣಗಳ ದಂಡ. ನಿಯತಕಾಲವೂ, ಪರೀಕ್ಷೆಯಾದುದಕ್ಕೆ ಕಣ್ಣಿಗೆ ಕಾಣುವ ಗುರುತೂ, ತಪ್ಪಿದರೆ ದಂಡವೂ ಇಲ್ಲಿ ಒಟ್ಟಿಗೆ ವಿಹಿತವಾಗಿವೆ. ತೂಕದ ಕಲ್ಲಿನಿಂದ ಪ್ರಾಣಾಪಾಯವಿಲ್ಲ, ನಿಜ. ಆದರೆ ನಿಯತಪರೀಕ್ಷೆಯ ಸ್ವರೂಪವು ಇಲ್ಲಿ ಸಾಂಗವಾಗಿ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ತಕ್ಕಷ್ಟು ಜನರಾಗಲಿ ಉಪಕರಣಗಳಾಗಲಿ ಇಲ್ಲದ, ಅಥವಾ ದುರಸ್ತಿಗೊಳಿಸದ, ದೋಣಿಯು ಒಡೆದುಹೋದರೆ, ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕು. ಹೊಳೆಯ ಪ್ರವಾಹವನ್ನಾಗಲಿ ಅಂಬಿಗನ ದುರದೃಷ್ಟವನ್ನಾಗಲಿ ಕಾರಣವಾಗಿ ಹೇಳಿ ಅವನು ತಪ್ಪಿಸಿಕೊಳ್ಳುವುದಕ್ಕೆ ಅವಕಾಶವಿಲ್ಲ. ಯಾವನಿಗೆ ಉಪಕರಣವನ್ನು ಸಂಸ್ಕರಿಸುವ ಅಧಿಕಾರವಿದೆಯೋ ಅವನಿಗೇ ಅದರ ಫಲದ ಹೊಣೆಯೂ ಇದೆ ಎಂಬುದೇ ಇದರ ತಾತ್ಪರ್ಯ.

೩. ಅಕ್ಷಭಂಗವು ದೈವವೇ?

ಇದಕ್ಕೆ ಎದುರಾಗಿ ಒಂದು ಪೂರ್ವಪಕ್ಷವುಂಟು. ಮೇಲೆ ಹೇಳಿದ ಮನುಸ್ಮೃತಿಯ ಸ್ಥಳದಲ್ಲಿಯೇ, ಎತ್ತಿನ ಮೂಗುದಾರ ಕಡಿದಾಗ, ನೊಗ ಮುರಿದಾಗ, ಅಚ್ಚು ಮುರಿದಾಗ, ಚಕ್ರ ಮುರಿದಾಗ, ಬಿಗಿಯುವ ಪಟ್ಟಿಗಳೂ ಹಗ್ಗಗಳೂ ಹರಿದಾಗ ಆಗುವ ಹಾನಿಗೆ ದಂಡವಿಲ್ಲವೆಂದು ಹೇಳಿದೆ. ಸಾರಥಿಯು ಅಕುಶಲನಾಗಿದ್ದು ಬಂಡಿ ದಾರಿ ತಪ್ಪಿದರೆ ಮಾತ್ರ ಯಜಮಾನನಿಗೆ ೨೦೦ ಪಣಗಳ ದಂಡ. ಎಂದರೆ ಮನುಷ್ಯನ ದೋಷಕ್ಕೆ ಶಿಕ್ಷೆಯುಂಟು, ವಸ್ತುವಿನ ಭಂಗಕ್ಕೆ ಇಲ್ಲ. ಅಚ್ಚು ಮುರಿಯುವುದು ದೈವಾಧೀನವೆಂಬಂತೆ ತೋರುತ್ತದೆ. ಇಂದಿಗೂ ಯಾವ ಅಪಘಾತವಾದರೂ ‘ಸರಪಣಿ ಕಡಿಯಿತು, ಯಾರೇನು ಮಾಡುವುದು’ ಎಂಬ ಸಮಾಧಾನವು ಈ ಪಕ್ಷದ್ದೇ ಆಗಿದೆ.

ಇದನ್ನು ಪರಿಹರಿಸಲು ಒಂದು ಲೌಕಿಕ ದೃಷ್ಟಾಂತವನ್ನು ನೋಡಬಹುದು. ೧೮೪೨ರ ಮೇ ೮ರಂದು ಫ್ರಾನ್ಸಿನಲ್ಲಿ ವರ್ಸೇಲ್ಸಿನಿಂದ ಪ್ಯಾರಿಸಿಗೆ ಹಿಂದಿರುಗುತ್ತಿದ್ದ ರೈಲುಬಂಡಿಯ ಎಂಜಿನ್ನಿನ ಅಚ್ಚು ಮುರಿದು, ಬಂಡಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಅಕ್ಷರಶಃ ಅಕ್ಷಭಂಗವೇ ಇದು. ಆ ಕಾಲದಲ್ಲಿ ರ್‍ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಪಂಡಿತನು ಮುರಿದ ಅಚ್ಚುಗಳನ್ನು ಪರಿಶೀಲಿಸಿ, ಅವು ಒಮ್ಮೆಗೇ ಮುರಿಯದೆ, ಸಣ್ಣ ಬಿರುಕು ಕ್ರಮಕ್ರಮವಾಗಿ ಒಳಕ್ಕೆ ಬೆಳೆಯುತ್ತ ಬಂದು ಕಡೆಗೆ ಮುರಿಯುವುವೆಂದು ತೋರಿಸಿದನು. ಬಳಿಕ ಜರ್ಮನಿಯ ವೋಲರನು, ಒಂದು ಸಲಕ್ಕೆ ಸುಲಭವಾಗಿ ತಾಳುವ ಭಾರವನ್ನೇ ಲಕ್ಷಾಂತರ ಬಾರಿ ಹೇರಿದಾಗ ಲೋಹವು ಬಳಲಿ ಮುರಿಯುವುದೆಂಬುದನ್ನು ಪ್ರಯೋಗಗಳಿಂದ ಸ್ಥಾಪಿಸಿದನು.

ಹೀಗಾದ ಮೇಲೆ ಪೂರ್ವಪಕ್ಷದ ನೆಲೆಯೇ ಸಡಿಲವಾಗುತ್ತದೆ. ಭಂಗವು ಕ್ಷಣದಲ್ಲಿ ಆದಂತೆ ಕಂಡರೂ ಅದರ ಕಾರಣವು ದಿನಗಳ ಅಥವಾ ತಿಂಗಳುಗಳ ಹಿಂದೆಯೇ ಪ್ರಾರಂಭವಾಗಿರುತ್ತದೆ. ನೋಡತಕ್ಕವನು ನೋಡಿದ್ದರೆ ಕಾಣುವಂತಿರುತ್ತದೆ. ಕಾಣಬಹುದಾದುದನ್ನು ಕಾಣದಿರುವುದು ದೈವವಲ್ಲ, ಪ್ರಮಾದ. ಮನುವಿನ ಕಾಲದಲ್ಲಿ ಮರದ ಅಚ್ಚಿನ ಒಳಗನ್ನು ಅರಿಯುವ ಉಪಾಯವಿರಲಿಲ್ಲವಾದುದರಿಂದ ಆ ವಿನಾಯಿತಿಯು ಅಂದಿಗೆ ನ್ಯಾಯವಾಗಿದ್ದಿರಬಹುದು. ಉಪಾಯವಿರುವ ಈ ಕಾಲಕ್ಕೆ ನಾವಧ್ಯಕ್ಷನಿಗೆ ವಿಧಿಸಿದ ನ್ಯಾಯವೇ ಸಲ್ಲತಕ್ಕದ್ದು.

೪. ಭದ್ರಾವತಿಯ ಪ್ರಸಂಗ

ಹಿಂದೆ ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯು ಭದ್ರಾನದಿಯ ದಡದಲ್ಲಿರುವುದು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಇಲ್ಲಿ ಸ್ಥಾಪಿತವಾದ ಮೈಸೂರು ಕಬ್ಬಿಣದ ಕಾರ್ಖಾನೆಯು ೧೯೨೩ರ ಜನವರಿಯಲ್ಲಿ ಕೆಲಸವನ್ನು ಪ್ರಾರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡುಗಳ ಇದ್ದಿಲನ್ನೂ ಸೇರಿಸಿ ಊದುಕುಲುಮೆಯಲ್ಲಿ ಕಬ್ಬಿಣವನ್ನು ಕರಗಿಸುತ್ತಿದ್ದರು. ಮುಂದೆ ಉಕ್ಕಿನ ಶಾಖೆಯೂ ಸಿಮೆಂಟಿನ ಶಾಖೆಯೂ ಕೂಡಿಕೊಂಡವು. ಮೈಸೂರು ಕಾಗದದ ಗಿರಣಿಯೂ ಇದೇ ಊರಿನಲ್ಲಿ ತಲೆಯೆತ್ತಿತು. ಇಂತಹ ಊರಿನಲ್ಲಿ ಉಗಿ, ಕರಗಿದ ಲೋಹ, ಎತ್ತುವ ಯಂತ್ರ ಈ ಮೂರೂ ಜನರ ನಿತ್ಯಜೀವನದೊಡನೆ ಬೆರೆತುಹೋದುವು. ಮೂರಕ್ಕೂ ಪರೀಕ್ಷಾಕ್ರಮಗಳು ಬೇರೆ ಬೇರೆ.

ಉಗಿಯ ವಿಷಯ ಹೀಗಿದೆ. ನೀರು ಸಾಧಾರಣ ಒತ್ತಡದಲ್ಲಿ ಆವಿಯಾದಾಗ ಸುಮಾರು ೧೬೦೦ ಪಟ್ಟು ಸ್ಥಳವನ್ನು ಬೇಡುತ್ತದೆ. ಬಾಯ್ಲರಿನಲ್ಲಿ ಒತ್ತಡಕ್ಕೊಳಗಾಗಿ ಅತಿಯಾಗಿ ಕಾದಿರುವ ನೀರು, ತಗಡು ಸೀಳಿದೊಡನೆ ಕ್ಷಣಾರ್ಧದಲ್ಲಿ ಆವಿಯಾಗಿ ಉಕ್ಕುವುದರಿಂದಲೇ ಅದರ ಸ್ಫೋಟವು ಗೋಡೆಗಳನ್ನು ಉರುಳಿಸುವಷ್ಟು ಭಯಂಕರವಾದುದು. ನೀರಿನ ಮಟ್ಟ ತಗ್ಗಿದರೆ ಕೊಳವೆಗಳ ಮೇಲ್ಭಾಗವು ಒಣಗಿ ಕೆಂಪಾಗುತ್ತದೆ. ಸುಣ್ಣದ ಪೊರೆ ಕಟ್ಟಿದರೆ ಶಾಖವು ನೀರಿಗೆ ತಲಪದೆ ತಗಡನ್ನೇ ಸುಡುತ್ತದೆ. ರಕ್ಷಾಕವಾಟವು ಅಂಟಿಕೊಂಡರೆ ಹೆಚ್ಚಾದ ಉಗಿಗೆ ದಾರಿಯಿಲ್ಲ. ಆದುದರಿಂದ ನೀರಿನ ಗಾಜು, ಒತ್ತಡದ ಮಾಪಕ, ರಕ್ಷಾಕವಾಟ ಇವನ್ನು ನಿತ್ಯವೂ ನೋಡಬೇಕು; ವರ್ಷಕ್ಕೊಮ್ಮೆ ಬೆಂಕಿಯನ್ನು ಆರಿಸಿ, ಒಳಹೊಕ್ಕು, ತಗಡು ಕೊಳವೆಗಳನ್ನು ಪರೀಕ್ಷಿಸಬೇಕು. ಕೆಲವು ವೇಳೆ ಬಾಯ್ಲರನ್ನು ತಣ್ಣೀರಿನಿಂದ ತುಂಬಿ, ಬಳಕೆಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡವನ್ನು ಕೊಟ್ಟು ನೋಡುವುದುಂಟು. ತಣ್ಣೀರಿನಿಂದಲೇ ಏಕೆಂದರೆ, ನೀರು ಉಗಿಯಂತೆ ಹಿಗ್ಗುವುದಿಲ್ಲವಾದುದರಿಂದ ದುರ್ಬಲಸ್ಥಾನವು ಸಿಡಿಯದೆ ಜಿನುಗಿ ತನ್ನನ್ನು ತಾನೇ ತೋರಿಸಿಕೊಡುತ್ತದೆ.

ಭರತಖಂಡದಲ್ಲಿ ಬಾಯ್ಲರುಗಳ ಕಡ್ಡಾಯಪರೀಕ್ಷೆಯು ಒಂದು ದುರಂತದ ಫಲ. ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರು ಸಿಡಿದು ಪ್ರಾಣಹಾನಿಯಾದ ಮೇಲೆ ೧೮೬೪ರಲ್ಲಿ ಬಂಗಾಳದಲ್ಲಿ ಪ್ರಥಮ ಶಾಸನವು ಹೊರಟಿತು. ಪ್ರಾಂತಗಳ ಶಾಸನಗಳೆಲ್ಲ ಒಂದುಗೂಡಿ ೧೯೨೩ರಲ್ಲಿ ಭಾರತೀಯ ಬಾಯ್ಲರು ಶಾಸನವಾಯಿತು. ಭದ್ರಾವತಿಯ ಕುಲುಮೆ ಹೊತ್ತಿದ ವರ್ಷವೂ ಅದೇ. ೨೦೨೫ರಲ್ಲಿ ಹೊಸ ಶಾಸನವು ಅದರ ಸ್ಥಾನಕ್ಕೆ ಬಂದಿದೆ. ಪ್ರಮಾಣಪತ್ರವಿಲ್ಲದ ಬಾಯ್ಲರಿಗೆ ಬೆಂಕಿ ಹಾಕಕೂಡದೆಂಬ ತತ್ತ್ವವು ಮಾತ್ರ ಹಾಗೆಯೇ ಉಳಿದಿದೆ.

ಎತ್ತುವ ಯಂತ್ರಗಳ ವಿಷಯದಲ್ಲಿ ೧೯೪೮ರ ಕಾರ್ಖಾನೆಗಳ ಶಾಸನವು ಬಹುಕಾಲ ಪ್ರಮಾಣವಾಗಿದ್ದಿತು. ಮೇಲೇರಿಸುವ ತೊಟ್ಟಿಲುಗಳನ್ನು ಆರು ತಿಂಗಳಿಗೊಮ್ಮೆ, ಕ್ರೇನು ಸರಪಣಿ ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆ, ಅರ್ಹನಾದವನು ಕೂಲಂಕಷವಾಗಿ ಪರೀಕ್ಷಿಸಿ ಬರೆದಿಡಬೇಕೆಂದೂ, ಪ್ರತಿಯೊಂದರ ಮೇಲೂ ಅದು ಹೊರಬಹುದಾದ ಭಾರವನ್ನು ಗುರುತಿಸಬೇಕೆಂದೂ ಅದು ವಿಧಿಸಿತ್ತು. ೨೦೨೫ರ ನವೆಂಬರ್ ೨೧ರಿಂದ ಉದ್ಯೋಗಸ್ಥಳದ ಸುರಕ್ಷತೆ ಮತ್ತು ಆರೋಗ್ಯಗಳನ್ನು ಕುರಿತ ೨೦೨೦ರ ಸಂಹಿತೆಯು ಆ ಶಾಸನದ ಸ್ಥಾನದಲ್ಲಿ ಜಾರಿಗೆ ಬಂದಿದೆ. ಪರೀಕ್ಷಕನು ನೋಡತಕ್ಕ ಲಕ್ಷಣಗಳಾದರೋ ಶಾಸನದೊಡನೆ ಬದಲಾಗತಕ್ಕವಲ್ಲ: ಸರಪಣಿಯ ಕೊಂಡಿ ಸವೆದಿದೆಯೆ, ಉದ್ದ ಹೆಚ್ಚಿದೆಯೆ, ಹಗ್ಗದ ಎಳೆಗಳು ಎಷ್ಟು ಕಡಿದಿವೆ, ಅದರ ದಪ್ಪ ಕುಗ್ಗಿದೆಯೆ, ಕೊಕ್ಕೆಯ ಬಾಯಿ ಅಗಲವಾಗಿದೆಯೆ.

ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹದ ತೊಟ್ಟಿಯು ಕ್ರೇನಿನಿಂದ ತೂಗಿಕೊಂಡು ಮನುಷ್ಯರ ತಲೆಯ ಮೇಲೆ ಸಾಗುವುದರಿಂದ ಈ ಪರೀಕ್ಷೆಯ ಗೌರವವು ಇಮ್ಮಡಿಯಾಗುತ್ತದೆ. ೨೦೦೭ರ ಏಪ್ರಿಲ್ ೧೮ರಂದು ಚೀನಾದೇಶದ ಲಿಯಾವೊನಿಂಗ್ ಪ್ರಾಂತದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಅಂತಹ ತೊಟ್ಟಿಯು ಕಳಚಿ ಬಿದ್ದು ೩೨ ಕೆಲಸಗಾರರು ಸತ್ತರು. ಆ ಕೆಲಸಕ್ಕೆ ತಕ್ಕುದಲ್ಲದ ಎತ್ತುಯಂತ್ರವನ್ನು ಅಲ್ಲಿ ಬಳಸಿದ್ದುದು ವಿಚಾರಣೆಯಲ್ಲಿ ಹೊರಬಿದ್ದಿತು. ಕೌಟಿಲ್ಯನು ಹೇಳಿದ ಜಾತಿಲಕ್ಷಣಪ್ರಮಾಣಗಳ ಪರಿಜ್ಞಾನದ ಅಭಾವವೆಂದರೆ ಇದೇ.

೫. ನಿಂತ ಯಂತ್ರವೂ ಸಣ್ಣ ಗಿರಣಿಯೂ

ಭದ್ರಾವತಿಯ ಇತ್ತೀಚಿನ ಸ್ಥಿತಿಯು ಮತ್ತೊಂದು ವಿಷಯವನ್ನು ಮುಂದಿಡುತ್ತದೆ. ಕಾಗದದ ಗಿರಣಿಯ ಉತ್ಪಾದನೆಯು ೨೦೧೫ರಲ್ಲಿ ನಿಂತಿತು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು, ಅದಕ್ಕೆ ನೂರು ವರ್ಷ ತುಂಬಿದ ೨೦೨೩ರ ಜನವರಿಯಲ್ಲಿಯೇ ಪ್ರಕಟವಾಗಿ, ಅದೇ ವರ್ಷ ಆಗಸ್ಟಿನಲ್ಲಿ ಸಲಾಕೆಗಳ ಗಿರಣಿಯು ಮತ್ತೆ ಚಲಿಸಿತು. ನಿಂತ ಯಂತ್ರದಿಂದ ಅಪಾಯವಿಲ್ಲವೆಂದು ಭಾವಿಸುವುದು ಸರಿಯಲ್ಲ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಯಂತ್ರಕ್ಕೆ ತುಕ್ಕು ಹಿಡಿಯುತ್ತದೆ, ಎಣ್ಣೆ ಒಣಗುತ್ತದೆ, ಕವಾಟಗಳು ಅಂಟಿಕೊಳ್ಳುತ್ತವೆ. ಕೌಟಿಲ್ಯನು ಬಿಸಿಲಿಗೊಡ್ಡಬೇಕೆಂದು ವಿಧಿಸಿದುದು ಯುದ್ಧವಿಲ್ಲದಿರುವಾಗ ಸುಮ್ಮನಿರುವ ಆಯುಧಗಳನ್ನೇ. ಆದುದರಿಂದ ಬಿಡುವಿನ ಬಳಿಕ ಪುನಃ ಪ್ರಾರಂಭಿಸುವ ದಿನವು ವಿಶೇಷಪರೀಕ್ಷೆಗೆ ನಿಮಿತ್ತವಾಗಬೇಕು.

ದೊಡ್ಡ ಕಾರ್ಖಾನೆಯಲ್ಲಿ ಪರೀಕ್ಷೆಗೆಂದೇ ಒಂದು ಶಾಖೆಯಿರುವುದು ಸಾಧ್ಯ. ಹತ್ತಾರು ಜನರಿರುವ ಗಿರಣಿಯಲ್ಲಿ ಅದು ಒಬ್ಬ ಯಜಮಾನನ ಮನಸ್ಸಾಕ್ಷಿಯನ್ನು ಅವಲಂಬಿಸಿರುತ್ತದೆ. ಶಿವಮೊಗ್ಗ ಭದ್ರಾವತಿಗಳ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೂ, ಉಗಿಯಿಂದ ಭತ್ತವನ್ನು ಬೇಯಿಸುವ ಅಕ್ಕಿಯ ಗಿರಣಿಗಳಿಗೂ ಈ ಮಾತು ಅನ್ವಯಿಸುತ್ತದೆ. ೨೦೨೪ರ ಡಿಸೆಂಬರಿನಲ್ಲಿ ಭದ್ರಾವತಿಯ ಒಂದು ಅಕ್ಕಿಯ ಗಿರಣಿಯಲ್ಲಿ ಬಾಯ್ಲರು ಸಿಡಿದು, ಪ್ರಾಣಹಾನಿಯಾಗಿ, ಹಲವರು ಗಾಯಗೊಂಡರು. ಅದಕ್ಕೆ ಮೊದಲು, ೨೦೨೧ರ ಜನವರಿ ೨೧ರ ರಾತ್ರಿ, ಶಿವಮೊಗ್ಗದ ಬಳಿ ಹುಣಸೋಡಿನ ಕಲ್ಲುಗಣಿಯ ಪ್ರದೇಶದಲ್ಲಿ ಸ್ಫೋಟಕಗಳು ಸಿಡಿದು ಕೆಲಸಗಾರರು ಮಡಿದರು. ಅದರ ಕಂಪನವು ದೂರದ ಊರುಗಳಿಗೂ ತಿಳಿಯಿತು. ಇವೆರಡರ ಕಾರಣಗಳು ಒಂದೇ ಜಾತಿಯವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಹಿಡಿದಿಡತಕ್ಕ ಶಕ್ತಿಯು ಹಿಡಿತ ತಪ್ಪಿದರೆ ಏನಾಗುವುದೆಂಬುದು ನಮ್ಮ ಜಿಲ್ಲೆಗೆ ಗ್ರಂಥದಿಂದ ತಿಳಿದ ವಿಷಯವಲ್ಲ ಎಂಬಷ್ಟು ಮಾತ್ರ ಇಲ್ಲಿ ವಿವಕ್ಷಿತ.

ಮಹಾನವಮಿಯಲ್ಲಿ ನಡೆಯುವ ಆಯುಧಪೂಜೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಆ ದಿನ ಗಿರಣಿ ನಿಲ್ಲುತ್ತದೆ. ವರ್ಷವಿಡೀ ಕೈ ಹೋಗದ ಎಡೆಗಳನ್ನೂ ಒರೆಸಿ ತೊಳೆಯುತ್ತಾರೆ. ಯಂತ್ರವು ನಿಂತಿರುವಾಗ ಅದರ ಸರ್ವಾಂಗವನ್ನೂ ಕಣ್ಣು ಕೈಗಳು ಮುಟ್ಟುವ ಇಂತಹ ದಿನವು ಪರೀಕ್ಷೆಗೆ ಅತ್ಯಂತ ಅನುಕೂಲವಾದುದು. ಪೂಜೆಯಿಂದಲೇ ಪರೀಕ್ಷೆಯೂ ಆಯಿತೆಂದು ತಿಳಿಯುವುದು ಮಾತ್ರ ಅನರ್ಥಕಾರಿ. ಬಿರುಕಿನ ಮೇಲೆ ಕುಂಕುಮವನ್ನು ಹಚ್ಚಿದರೆ ಬಿರುಕು ಮುಚ್ಚುವುದಿಲ್ಲ, ಮರೆಯಾಗುತ್ತದೆ. ತೊಳೆದ ಬಳಿಕ, ಕುಂಕುಮಕ್ಕೆ ಮೊದಲು, ನೋಡುವುದು ಸರಿಯಾದ ಕ್ರಮ.

೬. ಪರೀಕ್ಷೆಯ ಭಾಷೆ

ಈಗ ಭಾಷೆಯ ಪ್ರಶ್ನೆಗೆ ಬರೋಣ. ೧೯೪೮ರ ಶಾಸನದ ೧೦೮ನೆಯ ವಿಧಿಯು, ಕಾರ್ಖಾನೆಯಲ್ಲಿ ಅಂಟಿಸುವ ಸೂಚನೆಗಳು ಇಂಗ್ಲಿಷಿನಲ್ಲಿಯೂ ಹೆಚ್ಚುಮಂದಿ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ಹೇಳಿತ್ತು. ಗೋಡೆಯ ಮೇಲಿನ ಸೂಚನೆಗೆ ಈ ನ್ಯಾಯವು ದೊರೆತರೂ, ಪರೀಕ್ಷೆಯ ಪುಸ್ತಕಕ್ಕೆ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದು ವಿಚಾರಣೀಯ. ಬಾಯ್ಲರಿನ ಮುಂದೆ ಹಗಲಿರುಳು ನಿಲ್ಲುವವನೇ ದೋಷವನ್ನು ಮೊದಲು ಕಾಣುವವನು. ಅವನು ಕಂಡುದನ್ನು ಬರೆಯಲು ಅವನದೇ ಮಾತು ಇಲ್ಲದಿದ್ದರೆ ಆ ಜ್ಞಾನವು ಅವನಲ್ಲಿಯೇ ಉಳಿದುಹೋಗುತ್ತದೆ.

ಕನ್ನಡಕ್ಕೆ ಇದಕ್ಕೆ ಬೇಕಾದ ಪರಿಭಾಷೆಯಿಲ್ಲವೆನ್ನುವವರು ನಮ್ಮ ಶಿಲಾಶಾಸನಗಳನ್ನು ನೋಡಬೇಕು. ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ೭ ಮತ್ತು ೮ನೆಯ ಸಂಪುಟಗಳಲ್ಲಿ ಪ್ರಕಟಿಸಿದ್ದಾರೆ. ದೇವಾಲಯ ಮಠಗಳಿಗೆ ಭೂಮಿಯನ್ನು ಬಿಟ್ಟ ದಾನಶಾಸನಗಳಲ್ಲಿ ಖಂಡಸ್ಫುಟಿತಜೀರ್ಣೋದ್ಧಾರವೆಂಬ ಸಮಾಸವು ಮತ್ತೆಮತ್ತೆ ಕಾಣಬರುತ್ತದೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಸವೆದು ಹಳೆಯದಾದುದು. ಇಲ್ಲಿ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿರುವುದು ಒಂದು ವಿಶೇಷ. ದುರಸ್ತಿಯ ವೆಚ್ಚವನ್ನು ಕಟ್ಟಡವು ಬಿದ್ದ ಮೇಲೆ ಹುಡುಕದೆ, ದಾನಮಾಡುವಾಗಲೇ ಅದಕ್ಕೆಂದು ಭೂಮಿಯನ್ನು ಬಿಟ್ಟಿರುವುದು ಎರಡನೆಯ ವಿಶೇಷ. ಕೆರೆಗಳ ವಿಷಯದಲ್ಲಿ ಕಟ್ಟುಕೊಡಗೆ ಮೊದಲಾದ ದತ್ತಿಗಳೂ ಇಂತಹವೇ. ಪರೀಕ್ಷೆಗೂ ದುರಸ್ತಿಗೂ ಬೇಕಾದ ದ್ರವ್ಯವನ್ನು ಯಂತ್ರದ ಬೆಲೆಯೊಡನೆಯೇ ಎಣಿಸಬೇಕೆಂಬ ಪಾಠವನ್ನು ಈ ಕಲ್ಲುಗಳು ಕಲಿಸುತ್ತವೆ.

ಈ ವರ್ಗೀಕರಣವನ್ನು ಯಂತ್ರಕ್ಕೆ ಅನ್ವಯಿಸಿದರೆ ಕ್ರಮವನ್ನು ತಿರುಗಿಸಬೇಕಾಗುತ್ತದೆ: ಮೊದಲು ಜೀರ್ಣ, ಬಳಿಕ ಸ್ಫುಟಿತ, ಕಡೆಗೆ ಖಂಡ. ಜೀರ್ಣವಾದುದನ್ನು ಗುರುತಿಟ್ಟು ಕಣ್ಣಿಟ್ಟಿರಬೇಕು. ಸ್ಫುಟಿತವಾದುದನ್ನು ಒಡನೆ ಕೆಲಸದಿಂದ ಬಿಡಿಸಬೇಕು. ಖಂಡವಾಗುವವರೆಗೆ ಕಾದುದೆಂದರೆ ಪರೀಕ್ಷೆ ನಡೆದಿಲ್ಲವೆಂದೇ ಅರ್ಥ. ಆದರೆ ಪುಸ್ತಕದಲ್ಲಿ ಬರೆಯುವಾಗ ಈ ಸಂಸ್ಕೃತಪದಗಳನ್ನೇ ಬಳಸಬೇಕೆಂದು ನಾನು ಹೇಳುವವನಲ್ಲ. ಸವೆತ, ಬಿರುಕು, ಮುರಿತ ಎಂಬ ದೇಶ್ಯಪದಗಳು ಸಿದ್ಧವಾಗಿಯೇ ಇವೆ. ತುಕ್ಕು, ಸಡಿಲ, ಜಿನುಗು, ಸೊಟ್ಟ, ಬಿಗಿ ಎಂಬ ಮಾತುಗಳು ಎಲ್ಲರ ಬಾಯಲ್ಲಿಯೂ ಇವೆ. ಬಾಯ್ಲರು, ಕ್ರೇನು, ವಾಲ್ವು ಎಂಬ ಅನ್ಯದೇಶ್ಯಗಳೂ ರೂಢಿಯಿಂದ ನಮ್ಮವಾಗಿವೆ. ಅಪಾಯದ ಸ್ಥಳದಲ್ಲಿ ಶಬ್ದದ ಕುಲಕ್ಕಿಂತ ಅರ್ಥದ ಶೀಘ್ರಪ್ರತೀತಿಯೇ ಗ್ರಾಹ್ಯವಾದುದು.

ಕಡೆಯದಾಗಿ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ಭದ್ರಾವತಿಯ ಕುಲುಮೆಗಳಲ್ಲಿ, ಶಿವಮೊಗ್ಗದ ಎರಕದ ಶಾಲೆಗಳಲ್ಲಿ, ಅಕ್ಕಿಯ ಗಿರಣಿಗಳಲ್ಲಿ ದುಡಿದ ವೃದ್ಧರು ಯಂತ್ರದ ಸದ್ದಿಗೂ ನಡುಕಕ್ಕೂ ವಾಸನೆಗೂ ದೋಷದ ಬಗೆಬಗೆಗೂ ತಾವೇ ಹೆಸರುಗಳನ್ನಿಟ್ಟುಕೊಂಡಿರುತ್ತಾರೆ. ಅವು ಯಾವ ನಿಘಂಟಿನಲ್ಲಿಯೂ ಸೇರುವ ಮುನ್ನ ಆ ತಲೆಮಾರಿನೊಡನೆಯೇ ಮರೆಯಾಗುವ ಸಂಭವವುಂಟು. ಊರಿನ ಶಾಲಾಕಾಲೇಜುಗಳ ಕನ್ನಡ ಅಧ್ಯಾಪಕರು ವಿದ್ಯಾರ್ಥಿಗಳ ನೆರವಿನಿಂದ ಈ ಶಬ್ದಗಳನ್ನು ಅರ್ಥಪ್ರಯೋಗಗಳೊಡನೆ ಸಂಗ್ರಹಿಸಿ ಪ್ರಕಟಿಸುವುದಾದರೆ ಕನ್ನಡ ನಿಘಂಟಿಗೆ ಪುಷ್ಟಿ ಬರುವುದು. ಕನ್ನಡದಲ್ಲಿಯೇ ಪರೀಕ್ಷೆಯ ಪುಸ್ತಕವನ್ನು ಬರೆಯುವುದಕ್ಕೆ ಬೇಕಾದ ಸಾಮಗ್ರಿಯೂ ಒದಗುವುದು. ವಿದ್ವಾಂಸರು ಈ ಕಾರ್ಯದ ಕಡೆಗೆ ಲಕ್ಷ್ಯವಿಡಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.